ಅಬ್ಬಿಯ ಬೆನ್ನಿನ ಹೆಬ್ಬೆಟ್ಟು

ಬಸರೂರಿನ ಹಂಚಿನ ಕಾರ್ಖಾನೆಯಲ್ಲಿ ಚಂದಯ್ಯನ ಕೆಲಸ ಅಚ್ಚುಗಳನ್ನು ನೋಡಿಕೊಳ್ಳುವುದು. ಅಚ್ಚು ಸವೆದರೆ ಹಂಚು ಸೋರುತ್ತದೆ, ಹಂಚು ಸೋರಿದರೆ ಊರು ಬಯ್ಯುತ್ತದೆ. ಹಾಗಾಗಿ ಆ ಕೆಲಸಕ್ಕೆ ಆತುರದವರನ್ನು ಇಡುತ್ತಿರಲಿಲ್ಲ. ಚಂದಯ್ಯನಿಗೆ ಆತುರವೆಂಬುದು ಹುಟ್ಟಿದಾಗಿನಿಂದಲೇ ಇರಲಿಲ್ಲ. "ಇವ್ರ್ ಊಟಕ್ಕೆ ಕೂತ್ರೆ ಅನ್ನ ತಣಿತ್, ಸಾರ್ ತಣಿತ್, ಬಡಿಸಿದ ನಾನೂ ತಣಿತೆ" ಎಂದು ಹೆಂಡತಿ ಸರಸ ನೆರೆಮನೆಯವರ ಹತ್ತಿರ ಹೇಳಿ ನಗುತ್ತಿದ್ದಳು.

ವಾರದ ಆರು ದಿನ ಕಾರ್ಖಾನೆಯ ಮಣ್ಣು. ಭಾನುವಾರ ಅವನದೇ ಮಣ್ಣು. ಹೊಳೆಬದಿಯ ಗದ್ದೆಯಿಂದ ಜೇಡಿ ತಂದು, ನೆನೆಹಾಕಿ, ಕಲ್ಲು ಕಸ ಹೆಕ್ಕಿ, ಹಿಟ್ಟಿನ ಹಾಗೆ ನಾದಿ, ಗೇಣುದ್ದದ ಮನುಷ್ಯರನ್ನು ಮಾಡುತ್ತಿದ್ದ. ದೇವರನ್ನು ಮಾಡುತ್ತಿರಲಿಲ್ಲ. ದೇವರನ್ನು ಮಾಡಲು ಬೇರೆಯವರಿದ್ದಾರೆ, ನಮ್ಮ ಬಚ್ಚನನ್ನು ಯಾರು ಮಾಡುತ್ತಾರೆ ಎಂದು ಕೇಳುತ್ತಿದ್ದ. ಬಚ್ಚ ಎಂದರೆ ಕಾರ್ಖಾನೆಯಲ್ಲಿ ಒಲೆಗೆ ಕಟ್ಟಿಗೆ ಹಾಕುವವನು. ಚಂದಯ್ಯನ ಬೊಂಬೆಗಳನ್ನು ಹಂಚುಗಳ ಸಾಲಿನ ಮಧ್ಯೆ ಒಂದು ಮೂಲೆಯಲ್ಲಿಟ್ಟು ಬೇಯಿಸಿ ಕೊಡುತ್ತಿದ್ದವನೂ ಅವನೇ. ದೋಣಿಗೆ ಹುಟ್ಟು ಹಾಕುವ ಮುದುಕ, ಮೀನಿನ ಬುಟ್ಟಿ ಇಳಿಸಿ ಸೊಂಟ ಹಿಡಿದುಕೊಂಡು ನಿಂತ ಹೆಂಗಸು, ತಲೆಯ ಮೇಲೆ ಎಂಟು ಹಂಚು ಹೊತ್ತು ಮಾತಾಡುತ್ತಲೇ ನಡೆಯುವ ಹುಡುಗಿ, ಹೀಗೆ ಊರಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಅವನ ಜಗಲಿಗೆ ಬಂದಿದ್ದರು.

ಈ ಹುಚ್ಚು ಅವನೊಬ್ಬನಿಗೇ ಇದ್ದದ್ದಲ್ಲ. ಬ್ರಹ್ಮಾವರದಲ್ಲಿ ಅಣ್ಣಯ್ಯ ಶೆಟ್ಟರಿದ್ದರು. ಗದ್ದೆ ತೋಟದ ದೊಡ್ಡ ಮನೆ, ಆದರೂ ಕೈಯಲ್ಲಿ ಸದಾ ಉಳಿ. ಹಲಸಿನ ಮರದಲ್ಲಿ ಮನುಷ್ಯರನ್ನು ಕೆತ್ತುವುದು ಅವರ ಹವ್ಯಾಸ. ಬೈಂದೂರಿನಲ್ಲಿ ರಾಮ, ಹೆಮ್ಮಾಡಿಯಲ್ಲಿ ಸುಗುಣಕ್ಕ, ಇಬ್ಬರೂ ಮಣ್ಣಿನವರು. ನಾಲ್ವರೂ ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ಆ ಕೂಟಕ್ಕೆ ಹೆಸರಿರಲಿಲ್ಲ, ಪುಸ್ತಕವಿರಲಿಲ್ಲ. ಎರಡೇ ಕಟ್ಟಳೆ ಇದ್ದದ್ದು. ಒಂದು, ತನ್ನ ಕೈಯಿಂದ ಮಾಡದ್ದನ್ನು ತನ್ನದೆಂದು ತೋರಿಸಬಾರದು. ಎರಡು, ಮಾಡಿದ ಬೊಂಬೆ ಮಾಡಿದವನ ಮನೆಯಲ್ಲೇ ಕೂರಬಾರದು. ಉಳಿದ ಮೂವರ ಮನೆಯಲ್ಲಿ ಒಂದೊಂದು ತಿಂಗಳು ಇದ್ದು ಬರಬೇಕು. ಮನೆಯ ಮಕ್ಕಳು ಮರಿ ಮುಟ್ಟಿ ನೋಡಬೇಕು, ಬಂದ ನೆಂಟರು ತಪ್ಪು ಹೇಳಬೇಕು. ಮದುವೆಯಾದ ಹೆಣ್ಣು ಹೊಸದರಲ್ಲಿ ನೆಂಟರ ಮನೆಗಳಿಗೆ ಹೋಗಿ ಉಂಡು ಬರುವುದಿಲ್ಲವೇ, ಹಾಗೆ.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಚಂದಯ್ಯ ತನ್ನ ತಾಯಿಯನ್ನು ಮಾಡಿದ. ಅವಳು ಹೋಗಿ ಆಗಲೇ ಒಂಬತ್ತು ವರ್ಷ. ಫೋಟೋ ಎಂಬುದು ಒಂದೂ ಇರಲಿಲ್ಲ. ನೆನಪಿನಿಂದಲೇ ಮಾಡಬೇಕು. ಗೆರಸಿ ಹಿಡಿದು ಅಕ್ಕಿ ಗೇರುತ್ತ ಕೂತವಳು, ಒಂದು ಕಾಲು ಚಾಚಿ, ಒಂದು ಕಾಲು ಮಡಚಿ. ಯಾರೋ ಅಂಗಳದಲ್ಲಿ ಕರೆದರೆಂದು ತಲೆ ಎತ್ತಿದ್ದಾಳೆ, ಆದರೆ ಗೆರಸಿ ನಿಂತಿಲ್ಲ. ಆ ತಲೆ ಎತ್ತಿದ್ದನ್ನು ಸರಿಮಾಡಲು ಅವನಿಗೆ ಏಳು ತಿಂಗಳು ಹಿಡಿಯಿತು. ಹದಿಮೂರು ಸಲ ಕುತ್ತಿಗೆ ಮುರಿದು ಮತ್ತೆ ಮಾಡಿದ. ಬೆಂದು ಹೊರಬಂದ ದಿನ ಬಚ್ಚ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಹ್ವಾಯ್, ಇದ್ ಅಬ್ಬಿ ಅಲ್ದಾ! ನಂಗ್ ಬೈಯ್ಕಂಬ ಹಾಂಗೇ ಕಾಂತ್ರಲೆ ಮಾರಾಯ" ಎಂದ. ಚಂದಯ್ಯನಿಗೆ ಅಷ್ಟೇ ಸಾಕಾಗಿತ್ತು. ಬೊಂಬೆಗೂ ಅಬ್ಬಿ, ಅಂದರೆ ಅಮ್ಮ, ಎಂದೇ ಹೆಸರಾಯಿತು.

ಅಬ್ಬಿ ಎಲ್ಲ ಬೊಂಬೆಗಳ ಹಾಗೆ ಊರು ತಿರುಗಲು ಹೊರಟಳು. ಹೆಮ್ಮಾಡಿಯಲ್ಲಿ ಒಂದು ತಿಂಗಳು, ಬೈಂದೂರಿನಲ್ಲಿ ಒಂದು ತಿಂಗಳು, ಮಳೆಗಾಲದ ಸೋಣ ತಿಂಗಳಿಗೆ ಬ್ರಹ್ಮಾವರ. ಅಣ್ಣಯ್ಯ ಶೆಟ್ಟರು ಆ ತಿಂಗಳು ಊರಲ್ಲಿರಲಿಲ್ಲ; ತಮ್ಮನ ಹೋಟೆಲು ನೋಡಲು ಮುಂಬಯಿಗೆ ಹೋಗಿದ್ದರು. ಬೊಂಬೆಯನ್ನು ತೆಗೆದಿಟ್ಟುಕೊಂಡವನು ಅವರ ಅಕ್ಕನ ಮಗ ಉಮಾನಾಥ. ಆ ಮನೆಯಲ್ಲೇ ಬೆಳೆದವನು, ಮುಂದೆ ಮನೆ ನೋಡಿಕೊಳ್ಳಬೇಕಾದ ಅಳಿಯ. ಬಸ್ಸು ನಿಲ್ಲುವಲ್ಲಿ ಅವನದೊಂದು ಅಂಗಡಿ ಇತ್ತು. ಬಳೆ, ಕನ್ನಡಿ, ಊದುಬತ್ತಿ, ಪ್ಲಾಸ್ಟಿಕ್ಕಿನ ಬುಟ್ಟಿ. ತಿಂಗಳು ಮುಗಿದ ಮೇಲೆ ಅಬ್ಬಿ ಒಂದು ಚೂರೂ ಮುಕ್ಕಾಗದೆ ಬಸರೂರಿಗೆ ಮರಳಿದಳು.

ಒಂದೂವರೆ ವರ್ಷ ಕಳೆದು, ಒಂದು ದಿನ ಚಂದಯ್ಯ ಮತ್ತು ಸರಸ ನೆಂಟರ ಮನೆಯ ಸೀಮಂತ ಮುಗಿಸಿ ಬ್ರಹ್ಮಾವರದಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಸರಸ ಬಳೆ ನೋಡಲೆಂದು ಉಮಾನಾಥನ ಅಂಗಡಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಬಳೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಅತ್ತೆ ಕೂತಿದ್ದಳು. ಒಬ್ಬಳಲ್ಲ, ಹದಿನಾಲ್ಕು ಮಂದಿ ಅತ್ತೆಯರು. ಕೆಂಪು ಸೀರೆ, ಹಸಿರು ಸೀರೆ, ತುಟಿಗೆ ಬಣ್ಣ. ಎಲ್ಲರೂ ತಲೆ ಎತ್ತಿ ರಸ್ತೆ ನೋಡುತ್ತ ಗೆರಸಿ ಹಿಡಿದಿದ್ದರು.

"ಹ್ವಾಯ್, ಇಲ್ ಬನ್ನಿ. ನಿಮ್ ಅಬ್ಬಿಗೆ ತುಟಿಗೆ ಬಣ್ಣ ಬಳ್ದಿದ್ರ್!"

ಚಂದಯ್ಯ ಬಂದ. ನಿಧಾನಕ್ಕೆ ಒಂದನ್ನು ಕೈಗೆ ತೆಗೆದುಕೊಂಡ. ಮತ್ತೆ ಇನ್ನೊಂದನ್ನು.

ಉಮಾನಾಥನ ಮುಖದ ಬಣ್ಣ ಒಂದು ಕ್ಷಣ ಹೋದದ್ದು ನಿಜ. ಆದರೆ ವ್ಯಾಪಾರದವನು, ಬೇಗ ಸುಧಾರಿಸಿಕೊಂಡ. "ಕಲ್ಲಿಕೋಟೆ ಮಾಲ್ ಅದ್. ಭಾರಿ ಖರ್ಚಾತ್ತ್. ಮುಂಬಯಿ ಹೋಟ್ಲಿನವ್ರ್ ಬಂದವ್ರೆಲ್ಲ ಎರ್ಡ್ ಮೂರ್ ತಕಂಡ್ ಹೋತ್ರ್. ಕಾಣಿ, ಮೂರ್ ಸೈಜ್ ಇತ್ತ್. ದೊಡ್ಡದ್, ನಡುವಿಂದ್, ಸಣ್ಣದ್. ನಿಮ್ಗೆ ಯಾವ್ದ್ ಬೇಕ್?"

ಮೂರು ಸೈಜು ಎಂಬ ಮಾತು ಕೇಳಿ ಚಂದಯ್ಯ ಮೂರನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟ. ನೋಡಿದ. ಅವನ ಮೀಸೆಯಡಿಯಲ್ಲಿ ಸಣ್ಣ ನಗು ಬಂದು ಹೋಯಿತು.

"ಮೂರ್ರಲ್ಲೂ ಒಂದೊಂದ್ ಕೊಡಿ" ಎಂದ.

"ನಮ್ ಅತ್ತೆನ್ನ ನಾವೇ ದುಡ್ಡ್ ಕೊಟ್ಟ್ ತಕಂಬುದಾ?" ಎಂದಳು ಸರಸ. "ಇದ್ದಾಗ ಪುಕ್ಸಟ್ಟೆ ಇದ್ರಲೆ!"

ಬಸ್ಸಿನಲ್ಲಿ ಕೂತ ಮೇಲೆ ಅವಳ ತಮಾಷೆ ಇಳಿದು ಸಿಟ್ಟು ಏರಿತು. ಅಣ್ಣಯ್ಯ ಶೆಟ್ಟರಿಗೆ ಈಗಲೇ ಹೋಗಿ ಹೇಳಬೇಕೆಂದಳು. ಚಂದಯ್ಯ ಬೇಡವೆಂದ. ಕದ್ದವನು ಅವರ ಸ್ವಂತ ಅಳಿಯ. ಮನೆಯೊಳಗಿನ ಬೆಂಕಿ ಹೊರಗಿನವನು ಊದಿದರೆ ಉರಿಯುತ್ತದೆಯೇ ಹೊರತು ಆರುವುದಿಲ್ಲ. ಇನ್ನೂ ಒಂದು ಮಾತಿತ್ತು, ಅದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ. ಬೊಂಬೆ ತನ್ನದೆಂದು ಎಲ್ಲರಿಗೂ ಗೊತ್ತೇ ಇದೆಯಲ್ಲ, ನಾನೇಕೆ ಕೂಗಿ ಹೇಳಬೇಕು ಎಂದು ಅವನ ಮನಸ್ಸು.

ಅಲ್ಲಿಯೇ ಅವನು ತಪ್ಪಿದ್ದು. ಎಲ್ಲರಿಗೂ ಗೊತ್ತಿರುವುದು ಮಾರುಕಟ್ಟೆಯ ಎದುರು ಬಹಳ ದಿನ ನಿಲ್ಲುವುದಿಲ್ಲ.

ಆರು ತಿಂಗಳಲ್ಲಿ ಕುಂದಾಪುರದಿಂದ ಬ್ರಹ್ಮಾವರದವರೆಗೆ ಅಬ್ಬಿ ಇಲ್ಲದ ಮನೆ ಇಲ್ಲವೆನ್ನುವ ಹಾಗಾಯಿತು. ಟೀ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಅಬ್ಬಿ, ಕ್ಷೌರದಂಗಡಿಯ ಕನ್ನಡಿಯ ಪಕ್ಕ ಅಬ್ಬಿ. ಚಂದಯ್ಯನ ಜಗಲಿಗೆ ಬಂದ ನೆಂಟರು ಮೊದಲು ಬೊಂಬೆಯ ಮುಖ ನೋಡುತ್ತಿದ್ದರು. ಈಗ ತಿರುಗಿಸಿ ಬುಡ ನೋಡಿ, "ನೀವೂ ಒಂದ್ ತಕಂಡ್ರ್ಯಾ? ಎಷ್ಟ್ ಕೊಟ್ರ್?" ಎಂದು ಕೇಳತೊಡಗಿದರು. ಬಣ್ಣವಿಲ್ಲದ್ದನ್ನು ಕಂಡು ಒಬ್ಬಳು, "ಅಯ್ಯೋ, ಬಣ್ಣ ಹೋಯ್ತಲೆ" ಎಂದು ಮರುಕಪಟ್ಟಳು.

ಕೂಟಕ್ಕೂ ಆ ಗಾಳಿ ತಾಗಿತು. ಸುಗುಣಕ್ಕ ಹೊಸದಾಗಿ ಮಾಡಿದ ಸೂಲಗಿತ್ತಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಯಾರಿಗೂ ತೋರಿಸಲಿಲ್ಲ. ತೋರಿಸದ ಮೇಲೆ ಮಾಡುವುದೇಕೆಂದು ಅನ್ನಿಸಿ ಮಣ್ಣು ನೆನೆಹಾಕುವುದನ್ನೇ ಬಿಟ್ಟಳು. ಬೈಂದೂರಿನ ರಾಮ ತನ್ನ ಬೊಂಬೆಗಳ ಪಾದಕ್ಕೆಲ್ಲ ಮೊಳೆಯಿಂದ ಹೆಸರು ಕೆತ್ತಿದ, ಆಮೇಲೆ ಕೂಟಕ್ಕೆ ಬರುವುದನ್ನೂ ನಿಲ್ಲಿಸಿದ. ಏಳು ತಿಂಗಳು ಕುತ್ತಿಗೆ ನೋಯಿಸಿಕೊಂಡು ಮಾಡಿದ್ದು ಏಳು ದಿನದಲ್ಲಿ ಅಂಗಡಿಯಲ್ಲಿ ಸಿಗುವುದಾದರೆ ಯಾರಿಗೆ ಬೇಕು ಈ ಹುಚ್ಚು ಎಂದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದ್ದ.

ಚಂದಯ್ಯ ಮಾತ್ರ ಭಾನುವಾರ ಮಣ್ಣಿಗೆ ಕೂರುವುದನ್ನು ಬಿಡಲಿಲ್ಲ. ಕೂಟ ಸೇರಿದಾಗ ಮೂರು ಬೊಂಬೆಗಳನ್ನೂ ಇಟ್ಟು ಎಲ್ಲ ಹೇಳಿಬಿಡುವುದೆಂದು ಕಾಯುತ್ತಿದ್ದ. ಕೂಟ ಸೇರಲೇ ಇಲ್ಲ.

ಅರವತ್ತೈದರ ಜನವರಿಯಲ್ಲಿ ಕುಂದಾಪುರದ ಶಾಲೆಯೊಂದರ ಬಯಲಿನಲ್ಲಿ ಮೂರು ದಿನದ ವಸ್ತುಪ್ರದರ್ಶನ. ತರಕಾರಿ, ಕಸೂತಿ, ಬೆತ್ತದ ಕೆಲಸ, ಕೈಯಿಂದ ಮಾಡಿದ ಬೊಂಬೆಗಳಿಗೆ ಬೇರೆಯೇ ಮೇಜು. ಚಂದಯ್ಯ ಹಿಂದಿನ ದಿನ ಅಬ್ಬಿಯನ್ನು ಪಂಚೆಯಲ್ಲಿ ಸುತ್ತಿ ತಂದ. ಹೆಡ್ ಮಾಸ್ತರರು ಗಂಟು ಬಿಚ್ಚಿ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಇದು ನಮ್ಮ ಮನೆಯಲ್ಲೂ ಉಂಟಲ್ಲ! ನಮ್ಮವಳು ರೇಡಿಯೋದ ಮೇಲೆ ಇಟ್ಟಿದ್ದಾಳೆ. ಚಂದಯ್ಯ, ಈ ಮೇಜು ಕೈಯಿಂದ ಮಾಡಿದ್ದಕ್ಕೆ ಮಾತ್ರ. ಅಂಗಡಿಯದ್ದನ್ನು ಇಡುವ ಹಾಗಿಲ್ಲ."

"ಇದ್ ನನ್ ಕೈದೇ ಮಾಸ್ಟ್ರೆ."

ಹೆಡ್ ಮಾಸ್ತರರು ಪಕ್ಕಕ್ಕೆ ನೋಡಿದರು. ಬೊಂಬೆಗಳ ಮೇಜಿಗೆ ತೀರ್ಪುಗಾರರಾಗಿ ಬಂದು ಕೂತಿದ್ದವರು ಅಣ್ಣಯ್ಯ ಶೆಟ್ಟರು. ಅವರು ಎದ್ದು ಬಂದರು. ಅಬ್ಬಿಯನ್ನು ಮುಟ್ಟಲಿಲ್ಲ.

"ನಾನೇ ಅಳಿಯನ ಹತ್ರ ಕೇಂಡೆ, ಚಂದಯ್ಯ. ಕಲ್ಲಿಕೋಟೆಯಿಂದ ಹತ್ತ್ ವರ್ಷದಿಂದ ಬತ್ತಿತ್ತಂಬ್ರ್ ಈ ಬೊಂಬೆ. ನೀನ್ ಮಾಡದ್ದ್ ಅರ್ವತ್ತೆರ್ಡ್ರಲ್ಲಿ. ಹಾಂಗಾರೆ ಯಾರ್ದ್ ಕಂಡ್ ಯಾರ್ ಮಾಡದ್ದ್?" ಅವರ ದನಿ ಗಟ್ಟಿಯಾಗಿರಲಿಲ್ಲ. ಗಟ್ಟಿಯಾಗಿದ್ದರೆ ಚಂದಯ್ಯನಿಗೆ ಅಷ್ಟು ತಾಗುತ್ತಿರಲಿಲ್ಲ. "ನಿನ್ ಅಬ್ಬಿ ಅಂದೆ. ನಮ್ ಮನಿ ಹೆಣ್ಮಕ್ಳೆಲ್ಲ ಕೈ ಮುಗ್ದ್ರ್ ಅದಕ್ಕೆ. ನಮ್ ಕಟ್ಟಳೆ ನಿಂಗ್ ಗೊತ್ತಿತ್ತ್. ಇದ್ ನಿನ್ ಕೈದ್ ಅಲ್ದೇ ಹೋರೆ ನೀನ್ ಇನ್ ನಮ್ ಕೂಟಕ್ಕೆ ಬಪ್ಪುದ್ ಬ್ಯಾಡ."

ಸುತ್ತ ನಿಂತವರು ಎಂಟು ಹತ್ತು ಮಂದಿ ಇದ್ದರು. ಸಂಜೆಗೆ ಅದು ಬಸರೂರಿಗೆ ತಲುಪುವ ಮಾತು. ಅಂಗಡಿಯ ಬೊಂಬೆ ತಂದು ಹೆತ್ತ ತಾಯಿ ಎಂದ ಚಂದಯ್ಯ!

ಚಂದಯ್ಯ ಅಬ್ಬಿಯನ್ನು ಮತ್ತೆ ಪಂಚೆಯಲ್ಲಿ ಸುತ್ತಲಿಲ್ಲ. ಮೇಜಿನ ಮೇಲೆ ಹಾಗೆಯೇ ಬಿಟ್ಟ. "ಇವತ್ತ್ ಇಲ್ಲೇ ಇರ್ಲಿ. ನಾಳೆ ಬೆಳಿಗ್ಗೆ ಹತ್ತ್ ಗಂಟೆಗೆ ಬತ್ತೆ. ಉಮಾನಾಥ ಶೆಟ್ರನ್ನೂ ಬಪ್ಪುಕೆ ಹೇಳಿ. ಅವ್ರ್ ಎದುರಿಗೇ ಹೇಳ್ತೆ" ಎಂದ.

"ನೀವ್ ಎಂತ ಹೇಳ್ತ್ರಿ? ಬಾಯಿ ಇಪ್ಪುದ್ ಅವ್ನಿಗೆ" ಎಂದಳು ಸರಸ ಮನೆಯಲ್ಲಿ.

"ನಾ ಎಂತ ಹೇಳುಕಿಲ್ಲೆ. ಮಣ್ಣ್ ಹೇಳತ್ತ್."

ಮರುದಿನ ಅವನು ಬಂದಾಗ ಮೇಜಿನ ಸುತ್ತ ಜನ ಕಟ್ಟಿಕೊಂಡಿತ್ತು. ಉಮಾನಾಥನಿಗೆ ಕರೆ ಹೋಗುವ ಅಗತ್ಯವೇ ಬೀಳಲಿಲ್ಲ; ಬಯಲಿನ ಇನ್ನೊಂದು ತುದಿಯಲ್ಲಿ ಅವನದೇ ಮಳಿಗೆ, ಅದರಲ್ಲಿ ಇಪ್ಪತ್ತು ಅಬ್ಬಿಯರು. ಚಂದಯ್ಯ ಸಂಚಿಯಿಂದ ತಾನು ಕೊಂಡಿದ್ದ ಮೂರು ಬೊಂಬೆ ತೆಗೆದು ಅಬ್ಬಿಯ ಪಕ್ಕ ಸಾಲಾಗಿ ಇಟ್ಟ. ಮೊದಲಿಗೆ ಅಬ್ಬಿ, ಆಮೇಲೆ ದೊಡ್ಡದು, ನಡುವಿನದು, ಸಣ್ಣದು. ಕಾರ್ಖಾನೆಯಲ್ಲಿ ಅವನು ದಿನಾ ಹಿಡಿಯುವ ಅಳತೆಯ ಕೋಲನ್ನು ಅವುಗಳ ಮುಂದೆ ಅಡ್ಡ ಇಟ್ಟ.

"ಮಾಸ್ಟ್ರೆ, ಅಬ್ಬಿ ಬೆನ್ನ್ ಕಾಣಿ. ಸೊಂಟದ್ ಮೇಲೆ."

ಹೆಡ್ ಮಾಸ್ತರರು ಬಗ್ಗಿ ನೋಡಿದರು. ಮಡಿಕೆ ಬಿದ್ದ ಸೀರೆಯ ಮೇಲೆ ಒಂದು ತಗ್ಗು. "ಹೆಬ್ಬೆಟ್ಟಿನ ಗುರುತು."

"ಮಣ್ಣ್ ಹಸಿ ಇಪ್ಪ ಹೊತ್ತಿಗೆ ಬೆನ್ನ್ ಉಬ್ಬಿತ್ತ್. ಒತ್ತಿದೆ. ಒತ್ತದ ಮೇಲೆ ಕಂಡ್ರೆ ಅಬ್ಬಿ ಬೆನ್ನ್ ಬಗ್ಗದ್ದ್ ಹಾಂಗೇ ಇತ್ತ್. ಸಾಪ್ ಮಾಡುಕೆ ಮನಸ್ಸ್ ಬರ್ಲಿಲ್ಲೆ. ಆ ಗುರ್ತ್ ಈ ಮೂರ್ರಲ್ಲೂ ಇತ್ತ್. ಕಾಣಿ."

ಇತ್ತು. ಬಣ್ಣದ ಅಡಿಯಲ್ಲಿ ಮಾಸಿತ್ತು, ಆದರೆ ಇತ್ತು. ಜನ ಗುಜುಗುಜು ಎಂದಿತು.

"ಹಾಂಗಾರೆ ಬೆರ್ಳ್ ಇಟ್ಟ್ ಕಾಣಿ!" ಎಂದ ಉಮಾನಾಥ. ನಗುತ್ತಲೇ ಎಂದ, ಆದರೆ ಮುಂದೆ ಬಂದು ನಿಂತ. "ನಿಮ್ದೇ ಬೆರ್ಳಾದ್ರೆ ಕೂರ್ಕಲ್ದಾ?"

ಚಂದಯ್ಯ ಬಲಗೈ ಹೆಬ್ಬೆರಳನ್ನು ಅಬ್ಬಿಯ ಬೆನ್ನಿನ ತಗ್ಗಿಗೆ ಇಟ್ಟ. ಕೂರಲಿಲ್ಲ. ಬೆರಳು ದಪ್ಪ, ತಗ್ಗು ಸಣ್ಣದು. ಎರಡೂ ಬದಿಯಲ್ಲಿ ಬೆರಳು ಹೊರಗುಳಿಯಿತು.

ಯಾರೋ ಕಿಸಕ್ಕೆಂದರು. "ಚಂದಯ್ಯ, ನಿಮ್ ಬೆರ್ಳ್ ಎರ್ಡ್ ವರ್ಷದಂಗೆ ಬೆಳ್ದಿತ್ತಾ?" ಎಂದ ಹಿಂದಿನವನೊಬ್ಬ. ಉಮಾನಾಥ ಎಲ್ಲರಿಗಿಂತ ದೊಡ್ಡದಾಗಿ ನಕ್ಕ. ಅಣ್ಣಯ್ಯ ಶೆಟ್ಟರು ನೆಲ ನೋಡಿದರು.

ಚಂದಯ್ಯ ನಗು ಮುಗಿಯುವವರೆಗೆ ಕಾದ. ಅವನಿಗೆ ಕಾಯುವುದು ಹೊಸತಲ್ಲ.

"ಕೂತಿದ್ರೆ ನಾನ್ ಕಳ್ಳ ಆತಿದ್ದೆ" ಎಂದ. "ಬೆಂದ ಮಣ್ಣಲ್ಲಿ ಮಾಡದವ್ನ ಬೆರ್ಳ್ ಕೂರುದೇ ಇಲ್ಲೆ ಮಾಸ್ಟ್ರೆ. ಮಣ್ಣ್ ಒಣ್ಗ್ವತ್ತಿಗೆ ಕುಗ್ಗತ್ತ್, ಬೇಯ್ವತ್ತಿಗೆ ಮತ್ತೆ ಕುಗ್ಗತ್ತ್. ಹತ್ತ್ ಬೆರ್ಳ್ ಉದ್ದ ಇದ್ದದ್ದ್ ಒಂಬತ್ತ್ ಬೆರ್ಳ್ ಆತ್ತ್. ಇಲ್ಲಿ ಹಂಚಿನ್ ಕಾರ್ಖಾನೆಂಗೆ ಕೆಲ್ಸ ಮಾಡ್ದವ್ರ್ ಎಷ್ಟ್ ಜನ ಇದ್ರಿ? ಹೇಳಿ, ಅಚ್ಚ್ ದೊಡ್ಡದಾ, ಹಂಚ್ ದೊಡ್ಡದಾ?"

"ಅಚ್ಚೇ ದೊಡ್ಡದ್" ಎಂದರು ನಾಲ್ಕೈದು ಮಂದಿ ಒಟ್ಟಿಗೆ. ಅವರಲ್ಲಿ ಬಚ್ಚನ ದನಿ ಗುಡುಗಿನ ಹಾಗಿತ್ತು.

ಚಂದಯ್ಯ ಕೋಲನ್ನು ಹೆಡ್ ಮಾಸ್ತರರ ಕೈಗೆ ಕೊಟ್ಟ. ಅದರ ಒಂದು ಬದಿಯ ಗೀಟುಗಳು ಅಗಲ, ಇನ್ನೊಂದು ಬದಿಯವು ಇಕ್ಕಟ್ಟು. ಅಗಲದ್ದು ಹಸಿ ಮಣ್ಣಿನ ಅಳತೆ, ಇಕ್ಕಟ್ಟಿನದು ಬೆಂದ ಮಣ್ಣಿನದು. ಹಸಿ ಇರುವಾಗ ಹತ್ತು ಅಗಲ ಗೀಟು ಉದ್ದವಿದ್ದ ಹಂಚು ಬೆಂದು ಬಂದಾಗ ಸರಿಯಾಗಿ ಹತ್ತು ಇಕ್ಕಟ್ಟು ಗೀಟಿಗೆ ನಿಲ್ಲಬೇಕು. ನಿಲ್ಲದಿದ್ದರೆ ಅಚ್ಚು ಕೆಟ್ಟಿದೆ ಎಂದು ಲೆಕ್ಕ. ಇಪ್ಪತ್ತು ವರ್ಷದಿಂದ ಆ ಕೋಲೇ ಅವನಿಗೆ ಅನ್ನ ಹಾಕಿದ್ದು.

ಅವನು ಹೆಬ್ಬೆರಳು ಚಾಚಿದ. ಮಣ್ಣು ಕೊಯ್ಯುವ ತಂತಿ ತಾಗಿ ಆದ ಹಳೆಯ ಗಾಯದ ಗೆರೆ ಬೆರಳಿನ ತಿರುಳಿಗೆ ಓರೆಯಾಗಿ ಎಳೆದಂತಿತ್ತು. "ಮಾಸ್ಟ್ರೆ, ನೀವೇ ಈ ಗೆರೆ ಅಳೀನಿ. ಇದ್ ಬೇಯ್ದೇ ಇದ್ದದ್ದ್. ಅಗಲದ್ ಬದಿಂಗೆ ಹಿಡೀನಿ."

"ಎಂಟು ಗೀಟು" ಎಂದರು ಹೆಡ್ ಮಾಸ್ತರರು.

"ಅಬ್ಬಿ ಬೆನ್ನಂಗೂ ಆ ಗೆರೆ ಬಿದ್ದಿತ್ತ್. ಅದ್ ಬೆಂದದ್ದ್. ಇಕ್ಕಟ್ಟಿನ್ ಬದಿಂಗೆ ಹಿಡೀನಿ."

ಅವರು ಕನ್ನಡಕ ತೆಗೆದು, ಮತ್ತೆ ಹಾಕಿ, ಎರಡು ಸಲ ಎಣಿಸಿದರು. "ಎಂಟು."

ಈಗ ಯಾರೂ ನಗಲಿಲ್ಲ.

"ಇನ್ ಎತ್ತರ. ಅಬ್ಬಿನ್ನ ಅಗಲದಂಗೆ ಅಳೀನಿ, ಶೆಟ್ರ್ ಅಂಗ್ಡಿ ದೊಡ್ಡ ಬೊಂಬೆನ್ನ ಇಕ್ಕಟ್ಟಿನಂಗೆ ಅಳೀನಿ."

ಅಬ್ಬಿ ನಲವತ್ತು. ದೊಡ್ಡ ಬೊಂಬೆ ನಲವತ್ತು. ಅದೇ ದೊಡ್ಡದನ್ನು ಅಗಲದ ಬದಿಯಲ್ಲಿ ಅಳೆದರೆ ಮೂವತ್ತಾರು. ನಡುವಿನದು ಇಕ್ಕಟ್ಟಿನಲ್ಲಿ ಮೂವತ್ತಾರು. ನಡುವಿನದು ಅಗಲದಲ್ಲಿ ಮೂವತ್ತೆರಡು ದಾಟಿ ಒಂಚೂರು. ಸಣ್ಣದು ಇಕ್ಕಟ್ಟಿನಲ್ಲಿ ಮೂವತ್ತೆರಡು ದಾಟಿ ಅದೇ ಒಂಚೂರು. ಹೆಡ್ ಮಾಸ್ತರರು ಈಗ ಪಾಠ ಹೇಳುವ ದನಿಯಲ್ಲೇ ಗಟ್ಟಿಯಾಗಿ ಎಣಿಸುತ್ತಿದ್ದರು, ಜನ ಅವರ ಜೊತೆಗೆ ಎಣಿಸುತ್ತಿತ್ತು.

"ಇದ್ ಮೂರ್ ಸೈಜ್ ಅಲ್ಲ" ಎಂದ ಚಂದಯ್ಯ. "ಮೂರ್ ತಲೆಮಾರ್. ಅಬ್ಬಿ ಮೇಲೆ ಅಚ್ಚ್ ತೆಗ್ದ್ ಮಾಡದ್ದ್ ದೊಡ್ಡದ್. ಅಬ್ಬಿ ನಮ್ಮನಿಗೆ ಬಂದ್ರ್, ಆ ಅಚ್ಚ್ ಸವೀತ್. ಮತ್ತೆ ಅಚ್ಚ್ ತೆಗುಕೆ ಅಬ್ಬಿ ಇಲ್ಲೆ. ದೊಡ್ಡದ್ರ್ ಮೇಲೇ ಅಚ್ಚ್ ತೆಗ್ದ್ರ್, ನಡುವಿಂದ್ ಹುಟ್ಟಿತ್. ಅದ್ರ್ ಮೇಲೆ ತೆಗ್ದ್ರ್, ಸಣ್ಣದ್. ಹೀಂಗೇ ಬಿಟ್ರೆ ಮುಂದಿನ್ ವರ್ಷ ಅಬ್ಬಿ ಹುಣ್ಸೆ ಬೀಜದಷ್ಟ್ ಆತ್ರ್."

ಈ ಸಲದ ನಗು ಬೇರೆ ಕಡೆಗೆ ತಿರುಗಿತ್ತು.

ಉಮಾನಾಥನ ಕಿವಿ ಕೆಂಪಾಗಿತ್ತು. "ಸಣ್ಣದ್ ಕಂಡ್ ನೀವೇ ದೊಡ್ಡದ್ ಮಾಡಿಪ್ಪುಕೂ ಸಾಕ್!" ಎಂದ.

"ಮಾಡ್ಲಕ್ಕ್" ಎಂದ ಚಂದಯ್ಯ ಒಪ್ಪಿಕೊಳ್ಳುವವನ ಹಾಗೆ. "ಸೀರೆ ದೊಡ್ಡದ್ ಮಾಡ್ಲಕ್ಕ್, ಗೆರಸಿ ದೊಡ್ಡದ್ ಮಾಡ್ಲಕ್ಕ್. ಬೇರೆಯವ್ನ ಹೆಬ್ಬೆಟ್ಟಿನ್ ಗೆರೆ ದೊಡ್ಡದ್ ಮಾಡಿ, ಅದ್ ನನ್ ಹೆಬ್ಬೆಟ್ಟಾಪ್ಪ ಹಾಂಗೆ ಮಾಡುದ್ ಹ್ಯಾಂಗೆ? ನನ್ ಬೆರ್ಳಿಂದ ಸಣ್ಣ ಬೊಂಬೆ ತನಕ ನಾಲ್ಕ್ ಮೆಟ್ಲ್ ಇತ್ತ್. ಎಲ್ಲಾ ಒಂದೇ ಎತ್ತರ. ಮೇಲಿನ್ ಮೆಟ್ಲಂಗೆ ಇಪ್ಪುದ್ ಈ ಬೆರ್ಳ್. ಕಲ್ಲಿಕೋಟೆಂಗೆ ಇಂಥದ್ದೇ ಗಾಯ ಆದ ಬೆರ್ಳ್ ಇದ್ರೆ ಕರ್ಕಂಡ್ ಬನ್ನಿ. ನಾ ಕಾಯ್ತೆ."

ಉಮಾನಾಥ ಮಳಿಗೆಯ ಕಡೆ ನೋಡಿದ, ಮಾವನ ಕಡೆ ನೋಡಿದ.

ಕದ್ದದ್ದು ಯಾರೆಂದು ಚಂದಯ್ಯ ಹೇಳಿರಲಿಲ್ಲ, ಅಬ್ಬಿ ಯಾರ ಮನೆಯಲ್ಲಿದ್ದಾಗ ಎಂದೂ ಹೇಳಿರಲಿಲ್ಲ. ಹೇಳುವ ಯೋಚನೆಯೂ ಅವನಿಗಿರಲಿಲ್ಲ. ಅವನಿಗೆ ಬೇಕಾದದ್ದು ತನ್ನ ಕೈ ತನ್ನದೆಂಬ ಮಾತು. ಅದಾಯಿತು ಎಂದು ಅವನು ಕೋಲು ತೆಗೆದು ಸಂಚಿಗೆ ಹಾಕತೊಡಗಿದ.

ಆಗ ಅಣ್ಣಯ್ಯ ಶೆಟ್ಟರು ಕುರ್ಚಿಯಿಂದ ಎದ್ದರು. ಎಪ್ಪತ್ತರ ಹತ್ತಿರದ ಮನುಷ್ಯ. ಮೇಜು ಹಿಡಿದುಕೊಂಡೇ ಎದ್ದರು.

"ಸೋಣ ತಿಂಗ್ಳಂಗೆ ಅಬ್ಬಿ ನಮ್ ಮನೇಲಿದ್ರ್" ಎಂದರು ಎಲ್ಲರಿಗೂ ಕೇಳುವ ಹಾಗೆ. "ನಾನ್ ಮುಂಬೈಂಗಿದ್ದೆ. ತೆಗ್ದಿಟ್ಟದ್ದ್ ಇಂವ. ಉಮಾನಾಥ, ನನ್ ಮೋರೆ ಕಂಡ್ ಹೇಳ್. ಕಲ್ಲಿಕೋಟೆ ಎಲ್ಲಿತ್ತ್?"

ಉಮಾನಾಥ ಸಣ್ಣ ದನಿಯಲ್ಲಿ, "ನಮ್ ಕೊಟ್ಗೆ ಹಿಂದೆ, ಮಾವ" ಎಂದ. "ಕುಂಬಾರ ಕಿಟ್ಟನ ಹತ್ರ ಮಾಡ್ಸದ್ದ್."

ಯಾರೂ ನಗಬೇಕೆಂದು ನಗಲಿಲ್ಲ, ಆದರೂ ನಗು ಬಂತು. ಅಣ್ಣಯ್ಯ ಶೆಟ್ಟರಿಗೆ ಮಾತ್ರ ಬರಲಿಲ್ಲ. ಅವರು ಚಂದಯ್ಯನ ಎದುರು ಬಂದು ಕೈ ಜೋಡಿಸಲು ಹೊರಟರು. ಚಂದಯ್ಯ ಆ ಎರಡೂ ಕೈಗಳನ್ನು ನಡುವಿನಲ್ಲೇ ಹಿಡಿದುಬಿಟ್ಟ.

"ಶೆಟ್ರೆ, ನೀವ್ ಹಿರಿಯವ್ರ್. ಕೈ ಮುಗೀಬ್ಯಾಡಿ. ನಂಗ್ ಆಯಸ್ಸ್ ಕಮ್ಮಿ ಆತ್ತ್."

"ನಿನ್ನ ನಂಬ್ಲಿಲ್ಲೆ ನಾನ್. ಮೂವತ್ತ್ ವರ್ಷ ಕಂಡವ್ನ ನಂಬ್ಲಿಲ್ಲೆ."

"ಕೇಂಡ್ರಿ ಅಲ್ದಾ. ಎದುರಿಗೆ ನಿಂತ್ ಕೇಂಡ್ರಿ. ಬೆನ್ನ್ ಹಿಂದೆ ಹೇಳಿದ್ರೆ ನಂಗ್ ಬೇಜಾರ್ ಆತಿತ್. ತಪ್ಪ್ ನಂದೂ ಇತ್ತ್. ಅಂಗ್ಡಿಂಗ್ ಕಂಡ ದಿನವೇ ನಿಮ್ ಹತ್ರ ಬಪ್ಪುಕಿತ್ತ್."

ಅಣ್ಣಯ್ಯ ಶೆಟ್ಟರು ಅಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಮೇಜಿನ ನಟ್ಟನಡುವೆ ಇಟ್ಟರು. ಹೆಡ್ ಮಾಸ್ತರರು ರಟ್ಟಿನ ತುಂಡಿನ ಮೇಲೆ ದುಂಡಗೆ ಬರೆದರು: ಬಸರೂರು ಚಂದಯ್ಯ, ಸ್ವಂತ ಕೈಕೆಲಸ. ಬರೆದು ಮುಗಿಸಿ, ತಮ್ಮ ಹೆಂಡತಿ ರೇಡಿಯೋದ ಮೇಲಿನದ್ದಕ್ಕೆ ಕೊಟ್ಟ ಒಂದು ರೂಪಾಯಿಯನ್ನು ಯಾರಲ್ಲಿ ಕೇಳಬೇಕೆಂದು ವಿಚಾರಿಸಿದರು.

ಉಮಾನಾಥನ ಮಳಿಗೆಯಲ್ಲಿದ್ದ ಇಪ್ಪತ್ತು ಬೊಂಬೆ ಮಧ್ಯಾಹ್ನದೊಳಗೆ ಬುಟ್ಟಿಗೆ ಹೋದವು. ಅಣ್ಣಯ್ಯ ಶೆಟ್ಟರು ತಾವೇ ನಿಂತು ತುಂಬಿಸಿದರು. ಅಂಗಡಿಯಲ್ಲಿ ಇನ್ನು ಆ ಮಾಲು ಇರಬಾರದು, ಅಚ್ಚು ಮನೆಗೆ ಬರಬೇಕು ಎಂದರು. ಮಾರಿಹೋದ ಅಬ್ಬಿಯರನ್ನು ವಾಪಸು ತರುವುದು ಯಾರಿಂದಲೂ ಆಗದ ಮಾತು. ಅವು ಇಂದಿಗೂ ಕೆಲವು ಮನೆಗಳ ಗೂಡಿನಲ್ಲಿರಬಹುದು.

ಬಹುಮಾನ ಅಬ್ಬಿಗೆ ಬರಲಿಲ್ಲ. ತೀರ್ಪುಗಾರರಾಗಿ ತಾವು ಇನ್ನು ಕೂರುವುದು ಸರಿಯಲ್ಲವೆಂದು ಅಣ್ಣಯ್ಯ ಶೆಟ್ಟರು ಹಿಂದೆ ಸರಿದರು. ಬೇರೆಯವರು ಬಂದು ತೆಂಗಿನ ಗೆರಟೆಯಲ್ಲಿ ಮಾಡಿದ ಆನೆಗೆ ಕೊಟ್ಟರು. ಚಂದಯ್ಯ ಆ ಆನೆಯನ್ನು ಸುತ್ತಿ ಸುತ್ತಿ ನೋಡಿ, ಸೊಂಡಿಲು ಬಹಳ ಚೆನ್ನಾಗಿದೆ ಎಂದ. ಮನಸಿನಿಂದಲೇ ಎಂದ.

ಆದರೆ ಜನ ನಿಂತದ್ದು ಅಬ್ಬಿಯ ಎದುರು. ಬಂದವರೆಲ್ಲ ಅವಳ ಹಿಂದೆ ಹೋಗಿ ತಂತಮ್ಮ ಹೆಬ್ಬೆರಳು ಇಟ್ಟು ನೋಡುವವರೇ. ಎರಡನೆಯ ದಿನ ಹೆಡ್ ಮಾಸ್ತರರು ಹೆದರಿ ಮೇಜಿನ ಸುತ್ತ ಹಗ್ಗ ಕಟ್ಟಿಸಿದರು. ಚಂದಯ್ಯ ಬಂದವನೇ ಹಗ್ಗ ಬಿಚ್ಚಿ ಸುತ್ತಿ ಅವರ ಕೈಗೆ ಕೊಟ್ಟ.

"ಒಡೆದುಹೋದರೆ ಚಂದಯ್ಯ?"

"ಒಡೆದ್ರೆ ಮತ್ತೊಂದ್ ಮಾಡ್ತೆ. ಹದ್ನಾಲ್ಕ್ನೇ ಸಲ ಕುತ್ಗೆ. ಮುಟ್ಟುಕೆ ಬಿಡ್ದೆ ಹೋರೆ ಯಾರಿಗೆ ಅಂತ ಮಾಡುದ್ ಮಾಸ್ಟ್ರೆ?"

ಮೂರನೆಯ ದಿನ ಮಧ್ಯಾಹ್ನ ಬೈಂದೂರಿನ ಬಸ್ಸಿನಿಂದ ರಾಮ ಇಳಿದ. ಸುದ್ದಿ ಅದೇ ಕಂಡಕ್ಟರನ ಬಾಯಲ್ಲಿ ಅವನಿಗೆ ಮುಟ್ಟಿತ್ತು. ಅವನ ಹಿಂದೆಯೇ ಹೆಮ್ಮಾಡಿಯಲ್ಲಿ ಹತ್ತಿದ ಸುಗುಣಕ್ಕ, ಸೆರಗಿನಲ್ಲಿ ಮುಚ್ಚಿಕೊಂಡು ಸೂಲಗಿತ್ತಿ. ಹೆಸರು ಬರೆಸದೆ, ಯಾರನ್ನೂ ಕೇಳದೆ, ಇಬ್ಬರೂ ತಮ್ಮ ತಮ್ಮ ಬೊಂಬೆಗಳನ್ನು ಅಬ್ಬಿಯ ಎಡಬಲಕ್ಕೆ ಇಟ್ಟರು. ಪ್ರದರ್ಶನ ಮುಗಿಯಲು ಇನ್ನೆರಡು ಗಂಟೆ ಇತ್ತು. ಹೆಡ್ ಮಾಸ್ತರರು ನೋಡಿಯೂ ನೋಡದವರ ಹಾಗೆ ಕಸೂತಿಯ ಮೇಜಿನ ಕಡೆ ನಡೆದರು.

ರಾಮ ತಂದದ್ದು ಕೋಳಿಯನ್ನು ಬಗಲಲ್ಲಿ ಇಟ್ಟುಕೊಂಡು ಕೋಳಿಕಾಳಗದ ಅಂಕಕ್ಕೆ ಹೊರಟವನ ಬೊಂಬೆ. ಕೋಳಿಗೆ ಇದ್ದ ಗತ್ತು ಯಜಮಾನನಿಗಿರಲಿಲ್ಲ, ಅದೇ ಅದರ ಚಂದ. ಚಂದಯ್ಯ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಬುಡದಿಂದ ತಲೆಯವರೆಗೆ ನೋಡಿದ. ಸುಗುಣಕ್ಕನೂ ಬಗ್ಗಿ ನೋಡಿದಳು. ಅಣ್ಣಯ್ಯ ಶೆಟ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಕೋಳಿ ಪಸ್ಟಾಯ್ತ್" ಎಂದ ಚಂದಯ್ಯ. "ಆದ್ರೆ ಮಾರಾಯ, ಗಂಡ್ಸಿನ ಎಡ್ಗಾಲ್ ಒಂಚೂರ್ ಗಿಡ್ಡ ಆಯ್ತಲೆ?"

"ಇರ್ಲಿ ಬಿಡಿ" ಎಂದ ರಾಮ. "ಗಿಡ್ಡ ಕಾಲ್ ಯಾರೂ ನಕಲ್ ಮಾಡುದಿಲ್ಲೆ."

"ಮಾಡ್ರೂ ಮಾಡ್ಲಿ" ಎಂದಳು ಸುಗುಣಕ್ಕ. "ಕಾಲ್ ಇನ್ನೂ ಗಿಡ್ಡ ಆತ್ತ್, ಅಷ್ಟೇ."